ಕೂಗಿಗೆ ಮುಂಚಿನ ಕೂಗು

ಜಂದೀರ ಕಿರುಚುವುದಕ್ಕೆ ಮೊದಲೇ ಯಾರೋ ಕಿರುಚಿದರು.

ಸಣ್ಣ ದನಿ, ಎರಡು ಗೋಡೆಯಾಚೆಯಿಂದ ಬಂದ ಹಾಗೆ. ಅದರ ಹಿಂದೆಯೇ ಸ್ಟುಡಿಯೋದ ಸ್ಪೀಕರಿನಿಂದ ಅವಳ ನಿಜವಾದ ಕೂಗು ಹೊರಟಿತು — ಟೇಪಿನಲ್ಲಿದ್ದದ್ದು, ನಾವೆಲ್ಲ ಕಾದಿದ್ದದ್ದು. ಎಲೆಕ್ಟ್ರಿಕ್ ಗಿಟಾರಿನ ಗೊರಗೊರ ಸದ್ದನ್ನು ಸೀಳಿಕೊಂಡು ಹಾಡಿನ ಕೊನೆಯಲ್ಲಿ ಏಳುವ ಆ ಕೂಗಿಗಾಗಿಯೇ ಜನ ಈ ರೆಕಾರ್ಡು ಕೊಳ್ಳುತ್ತಾರೆ ಎಂದು ನಾವು ನಮ್ಮನಮ್ಮಲ್ಲೇ ಜಂಬ ಕೊಚ್ಚಿಕೊಳ್ಳುತ್ತಿದ್ದೆವು. ಆದರೆ ಮೊದಲು ಕೂಗಿದ್ದು ಯಾರು?

ನನ್ನ ಕೈಯಲ್ಲಿದ್ದ ಕುಂಚ ಕೆಳಗೆ ಬಿತ್ತು. ನಾನು ಕ್ಲೆಲಿಯ, ಈ ರೆಕಾರ್ಡಿನ ಹೊದಿಕೆಗೆ ಚಿತ್ರ ಬರೆಯುವವಳು. ಜಂದೀರಳ ಕೂದಲನ್ನು ಕಾಡಾಗಿಸಿ, ಕಾಡಿನ ತುಂಬ ಕಣ್ಣುಗಳನ್ನು ಬರೆದಿದ್ದೆ. ಆ ಗಳಿಗೆಯಲ್ಲಿ ಅವುಗಳ ಕಡೆ ತಿರುಗಲು ನನಗೇ ಹೆದರಿಕೆಯಾಯಿತು.

"ಕೇಳಿಸ್ತಾ?" ಎಂದಳು ಜಂದೀರ. ಅವಳ ತುಟಿಯ ಬಣ್ಣ ಹೋಗಿತ್ತು.

"ಕೇಳಿಸ್ತು," ಎಂದ ಗಿಟಾರಿನ ದಗೊಬೆರ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ತಾಳ್ಮೆಯಿಲ್ಲದೆ ತಾನೇ ಟೇಪು ಏರಿಸಿ ಗುಂಡಿ ಒತ್ತಿದವನು ಅವನು.

ಕೂತಲ್ಲಿಂದ ಅಲುಗಾಡದೆ ಇದ್ದವರು ಲಿಯೋನ್ಸಿಯೊ ಮೇಷ್ಟ್ರು ಒಬ್ಬರೇ. ಪಿಟೀಲುಗಳವರನ್ನೂ ಕೊಳಲಿನವರನ್ನೂ ನಡೆಸುವ ಹಿರಿಯರು. ಅಲ್ಲಿಯ ತನಕ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದವರು, ಈ ಗದ್ದಲಕ್ಕೆ ತುಸು ಮೊದಲು ಅದನ್ನು ಕಳಚಿ ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಕಿವಿ ಒತ್ತಿಕೊಂಡಿದ್ದರು.

"ನಾನು ಇವತ್ತೇ ಮೊದಲು ಕೇಳ್ತಿರೋದಮ್ಮ," ಎಂದರು. "ಇದೂ ನಿಮ್ಮ ಹುಚ್ಚಾಟದಲ್ಲಿ ಒಂದು ಅಂದ್ಕೊಂಡೆ."

"ನಾವು ಸೇರಿಸಿಲ್ಲ ಮೇಷ್ಟ್ರೇ!" ಜಂದೀರ ಯಂತ್ರವನ್ನು ನಿಲ್ಲಿಸಿದಳು. "ಇದು ಅಪಶಕುನ. ತೊಮೆಗೆ ಏನೋ ಆಗಿದೆ."

ತೊಮೆ ಅವಳ ತಮ್ಮ. ಈ ರೆಕಾರ್ಡಿನ ಹಾಡೆಲ್ಲ ಅವನದೇ. 1969ರ ಜುಲೈ ಅದು, ಭೂಗೋಳದ ದಕ್ಷಿಣದ ನಮಗೆ ಚಳಿಗಾಲ; ಆಳುತ್ತಿದ್ದ ಸೇನೆಯವರ ಹೊಸ ಕಟ್ಟಳೆ ಬಂದ ಮೇಲಿನ ಮೊದಲನೆಯದು. ಅವರನ್ನು ಗೇಲಿ ಮಾಡಿದ ಒಂದು ಹಾಡಿಗಾಗಿ ತೊಮೆಯನ್ನು ಹುಡುಕುತ್ತಿದ್ದರು. ಹಾಗೆ ಹುಡುಕಿಸಿಕೊಂಡು ಸಿಕ್ಕಿಬಿದ್ದ ನಮ್ಮ ಇಬ್ಬರು ಗೆಳೆಯರು ಏನಾದರೆಂದು ಅವರ ತಾಯಂದಿರಿಗೂ ಗೊತ್ತಿರಲಿಲ್ಲ.

ಆಗಲೇ ಫೋನು ಬಡಿದುಕೊಂಡಿತು.

ಜಂದೀರ ಎತ್ತಿದಳು. ಕೇಳಿದಳು. ಇಟ್ಟಳು.

"ಸಾಂತುಸ್‌ನಿಂದ. ಅತ್ತೆಯ ಪಕ್ಕದ ಮನೆಯವರು. ಬಾಗಿಲು ಮುರಿದು ಹೋಗಿದೆಯಂತೆ. ಬೆಕ್ಕು ಮಾತ್ರ ತಪ್ಪಿಸಿಕೊಂಡಿದೆಯಂತೆ."

ಬೆಕ್ಕು ಎಂದರೆ ಯಾರೆಂದು ಹೇಳಬೇಕಾಗಿರಲಿಲ್ಲ. ಬ್ರೆಡ್ಡು ತರಲು ಹೋಗಿದ್ದನೋ, ಕಡಲ ಕಡೆ ಹೋಗಿದ್ದನೋ, ಅಂತೂ ಪೊಲೀಸರು ನುಗ್ಗಿದಾಗ ತೊಮೆ ತಾನು ಅಡಗಿದ್ದ ಅತ್ತೆಯ ಮನೆಯಲ್ಲಿರಲಿಲ್ಲ. ಆದರೆ ಆ ಮನೆ ಅವರಿಗೆ ಗೊತ್ತಾದದ್ದು ಹೇಗೆ?

ಬಾಗಿಲು ತೆರೆಯಿತು. ಎಲ್ಲರೂ ಬೆಚ್ಚಿಬಿದ್ದೆವು. ಬಂದವನು ಕನಾಶಿರೊ, ನಮ್ಮ ಧ್ವನಿಮುದ್ರಣದ ತಜ್ಞ. ಅಪ್ಪನ ತರಕಾರಿ ಲಾರಿಯಿಂದ ಇಳಿದು, ತುಂತುರು ಮಳೆಯಲ್ಲಿ ನೆನೆದು ಬಂದಿದ್ದ.

"ಎದುರುಗಡೆ ಮೂಲೇಲಿ ಒಬ್ಬ ನಿಂತಿದಾನೆ," ಎಂದ ಮೆಲ್ಲಗೆ. "ಮಳೇಲಿ ಪೇಪರ್ ಓದ್ತಿದಾನೆ."

ಯಾರೂ ಕಿಟಕಿಯ ಹತ್ತಿರ ಹೋಗಲಿಲ್ಲ.

---

"ಐದು ಜನಕ್ಕೆ ಗೊತ್ತಿತ್ತು," ಎಂದ ದಗೊಬೆರ್ತು. "ತೊಮೆ ಇಲ್ಲಿಗೆ ಕದ್ದು ಬಂದು ಗಿಟಾರ್ ಬಾರಿಸಿ ಹೋದ್ನಲ್ಲ, ಆವತ್ತು. ಹಾಡು ಮುಗಿದ ಮೇಲೆ ತಾನೇ ಬಾಯಿಬಿಟ್ಟು ಹೇಳ್ದ — ಜೂನಲ್ಲಿ ಸಂತ ಜುವಾಂವ್ ಹಬ್ಬ ಕಳೆದ ಮೇಲೆ ಸಾಂತುಸ್‌ನ ಅತ್ತೆ ಮನೇಲಿರ್ತೀನಿ ಅಂತ. ಅವನ್ನ ಬಿಟ್ರೆ ಕೇಳಿಸ್ಕೊಂಡಿದ್ದು ಜಂದೀರ, ನಾನು, ಕನಾಶಿರೊ, ಕ್ಲೆಲಿಯ."

"ಅಂದ್ರೆ?" ಎಂದೆ ನಾನು. "ನನ್ನ ಮುಖ ಯಾಕೆ ನೋಡ್ತೀಯ?"

"ನಿನ್ನ ಒಬ್ಬಳ್ನೇ ಯಾಕೆ ನೋಡ್ಲಿ? ಕನಾಶಿರೊನೂ ನೋಡ್ತೀನಿ. ಏನೋ, ಹೋದ ವಾರ ನಿನ್ನ ಪೊಲೀಸ್ ಠಾಣೆಗೆ ಕರೆಸಿದ್ರಂತಲ್ಲ?"

"ಲಾರಿ ಲೈಸೆನ್ಸಿಗೆ ಕಣೋ!" ಕನಾಶಿರೊ ಕೆಂಪಗಾದ. "ನಿನಗೆ ಆ ಹೊಸ ಗಿಟಾರ್ ಎಲ್ಲಿಂದ ಬಂತು, ಮೊದಲು ಅದನ್ನ ಹೇಳು!"

ಜಂದೀರ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಮ್ಮ ಬಾಯಲ್ಲಿ ಹೀಗೆ ಕೇಳಬಾರದ ಮಾತು ಬರುತ್ತಿತ್ತು. ಒಂದೇ ತಟ್ಟೆಯಲ್ಲಿ ಉಂಡವರು ನಾವು. ಆದರೂ ಒಬ್ಬರ ಬೆನ್ನಿಗೆ ಇನ್ನೊಬ್ಬರು ನಿಲ್ಲಲು ಹೆದರುವ ಸ್ಥಿತಿ ಬಂದಿತ್ತು, ಅದು ಪೊಲೀಸರಿಗಿಂತ ಹೆಚ್ಚು ನನ್ನನ್ನು ನಡುಗಿಸಿತು.

"ಜಗಳ ಆಮೇಲೆ," ಎಂದರು ಮೇಷ್ಟ್ರು ಎದ್ದು ನಿಂತು. "ಜಂದೀರಾ, ಹುಡುಗ ಈಗ ಎಲ್ಲಿದಾನೆ?"

"ಹೀಗಾದ್ರೆ ಎಲ್ಲಿಗೆ ಬರ್ಬೇಕು ಅಂತ ಇಬ್ಬರೂ ಮೊದಲೇ ಮಾತಾಡ್ಕೊಂಡಿದ್ವಿ. ನನಗೊಬ್ಬಳಿಗೇ ಗೊತ್ತು. ಮಧ್ಯಾಹ್ನದ ತನಕ ಕಾಯ್ತಾನೆ. ಯಾರೂ ಬರ್ಲಿಲ್ಲ ಅಂದ್ರೆ..." ಅವಳು ಕಿಟಕಿಯ ಕಡೆ ಕೈ ತೋರಿದಳು. "ನನ್ನ ಹಿಂದೆ ಆ ಪೇಪರ್ ಓದೋನು ಬರ್ತಾನೆ. ನಾನು ಹೋಗೋ ಹಾಗಿಲ್ಲ."

"ನಾನು ಹೋಗ್ತೀನಿ. ನನ್ನ ಕಾರಿದೆ. ಗಡಿ ತನಕ ಬಿಟ್ಟು ಬರ್ತೀನಿ."

ಮೇಷ್ಟ್ರು ಹೀಗೆಂದದ್ದೇ ತಡ, ನಮ್ಮೆಲ್ಲರ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆವತ್ತು ಜ್ವರವೆಂದು ಸ್ಟುಡಿಯೋಗೆ ಬರದಿದ್ದವರು ಅವರೊಬ್ಬರೇ. ಮನೆಯ ವಿಷಯ ಅವರ ಕಿವಿಗೆ ಬಿದ್ದಿರಲೇ ಇಲ್ಲ. ನಮ್ಮ ಪೈಕಿ ಯಾರ ಮೇಲೆ ಬೇಕಾದರೂ ಅನುಮಾನ ಪಡಬಹುದಿತ್ತು, ಅವರ ಮೇಲೆ ಪಡಲು ಕಾರಣವೇ ಇರಲಿಲ್ಲ. ಜಂದೀರ ಅವರ ಕಿವಿಯ ಕಡೆ ಬಾಗಿದಳು.

"ನನ್ನ ಕಾಫಿ ಎಲ್ಲಿ?"

ಮೂಲೆಯಿಂದ ಬಂದ ಮಾತು. ನಾವು ಮರೆತೇಬಿಟ್ಟಿದ್ದ ಡೋನ ಪೆರ್ಪೆತುವಾ ಅಲ್ಲಿ ಕೂತಿದ್ದರು, ತೊಡೆಯ ಮೇಲೆ ಸೀಬೆಹಣ್ಣಿನ ಹಲ್ವದ ಡಬ್ಬಿ, ಕೈಯಲ್ಲಿ ಚೀಸಿನ ತುಂಡು. ಜಂದೀರ ಇರುವ ವಠಾರದಲ್ಲೇ ಇರುವವರು. ಮೂವತ್ತು ವರ್ಷ ಪತ್ರಿಕೆಗೆ ಕೊಲೆ ಕಳವುಗಳ ಸುದ್ದಿ ಬರೆದು, ಪತ್ರಿಕೆಯೊಳಗೆ ಸುದ್ದಿಗೆ ಕತ್ತರಿ ಹಾಕುವ ಸರ್ಕಾರದವನು ಬಂದು ಕೂತ ಮೇಲೆ ಕೆಲಸ ಕಳೆದುಕೊಂಡವರು. ಹಾಡು ಕೇಳಲೆಂದು ಆವತ್ತೇ ಮೊದಲು ಸ್ಟುಡಿಯೋಗೆ ಬಂದಿದ್ದರು.

"ಅಜ್ಜಿ, ಇಲ್ಲಿ ಜೀವ ಹೋಗ್ತಿದೆ!" ದಗೊಬೆರ್ತು ಸಿಡುಕಿದ. "ನಿಮಗೆ ಕಾಫಿ ಚಿಂತೆ!"

"ಜೀವ ಹೋಗ್ತಿರೋದಕ್ಕೇ ಕೇಳ್ತಿರೋದು ಮರಿ. ಜಂದೀರಾ, ಆ ಮಾತನ್ನ ಬಾಯಲ್ಲೇ ಇಟ್ಕೋ. ಹಾಡು ಕೇಳೋಕೆ ಬಾ ಅಂತ ನೀನು ಕರೆದಾಗ ಏನಂದೆ?"

ಜಂದೀರ ಗೊಂದಲದಿಂದ ತಿರುಗಿದಳು. "ಬನ್ನಿ, ಟೇಪು ಸುತ್ತೋ ಹೊತ್ತಿಗೆ ಕಾಫಿ ಕುಡಿಯೋಣ ಅಂದೆ."

"ಅದೇನದು, ಟೇಪು ಸುತ್ತೋ ಕಾಫಿ?"

ಉತ್ತರ ಕೊಟ್ಟವನು ಕನಾಶಿರೊ. "ಅದು ನಮ್ಮ ರೂಢಿ. ರೆಕಾರ್ಡ್ ಆದ ಟೇಪನ್ನ ನಾನು ವಾಪಸ್ ಹಾಡಿನ ಮೊದಲಿಗೆ ಸುತ್ತಿಡಲ್ಲ. ಬಾಲ, ಅಂದ್ರೆ ಟೇಪಿನ ಕೊನೆ, ಹೊರಗಿರೋ ಹಾಗೇ ಬೀರುವಿಗೆ ಹಾಕ್ತೀನಿ. ಮತ್ತೆ ಕೇಳ್ಬೇಕು ಅಂದ್ರೆ ಮೊದಲು ಪೂರ್ತಿ ಹಿಂದಕ್ಕೆ ಸುತ್ತಬೇಕು. ಅಷ್ಟರಲ್ಲಿ ಎಲ್ಲರೂ ಒಂದೊಂದು ಲೋಟ ಕಾಫಿ ಕುಡೀತಾರೆ."

"ಇವತ್ತು ಕುಡಿದ್ರಾ?"

ಕೇಳಿದ ಕೂಡಲೇ ನನಗೆ ಬೆಳಗಿನ ಸಿಟ್ಟು ನೆನಪಾಯಿತು. ಫ್ಲಾಸ್ಕಿಗೆ ಕೈ ಹಾಕುವಷ್ಟರಲ್ಲಿ ಹಾಡು ಶುರುವಾಗಿಬಿಟ್ಟಿತ್ತು, ದಗೊಬೆರ್ತುವನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ.

"ಇಲ್ಲ," ಎಂದೆ. "ಒತ್ತಿದ ತಕ್ಷಣ ಹಾಡು ಬಂತು."

"ದಗೊಬೆರ್ತು, ನೀನು ಸುತ್ತಿದ್ಯಾ?"

"ಇಲ್ಲ. ಡಬ್ಬಿ ತೆಗೆದೆ, ಏರಿಸ್ದೆ, ಒತ್ತಿದೆ..." ಅವನ ಕಣ್ಣು ಅಗಲವಾದವು.

ಕನಾಶಿರೊ ಯಂತ್ರದ ಹತ್ತಿರ ಓಡಿ, ಖಾಲಿ ಡಬ್ಬಿಯನ್ನು ಕೈಗೆತ್ತಿಕೊಂಡು ಅದನ್ನೇ ದಿಟ್ಟಿಸಿದ. "ಯಾರೋ ಕೇಳಿದಾರೆ. ಕೇಳಿ, ಮೊದಲಿಗೆ ಸುತ್ತಿ ಇಟ್ಟಿದಾರೆ. ನಾನಲ್ಲ. ಆ ಕೆಲಸ ನನ್ನ ಕೈಯಿಂದ ಆಗೋದೇ ಇಲ್ಲ."

"ಬೀರು ಕೀಲಿ?"

"ಹೂಕುಂಡದಲ್ಲಿರತ್ತೆ. ಎಲ್ಲರಿಗೂ ಗೊತ್ತು."

"ಒಳ್ಳೇ ಬಂದೋಬಸ್ತು," ಎಂದರು ಡೋನ ಪೆರ್ಪೆತುವಾ, ಹಲ್ವದ ಮೇಲೆ ಚೀಸು ಇಟ್ಟುಕೊಳ್ಳುತ್ತ. "ಇನ್ನೊಂದು ಹೇಳು. ಮೊದಲಿಗೆ ಸುತ್ತಿಟ್ರೆ ಏನು ತೊಂದರೆ?"

"ಸುತ್ತಿದ ಟೇಪಿನಲ್ಲಿ ಒಂದು ಪದರದ ಮೇಲೆ ಇನ್ನೊಂದು ಪದರ ಕೂತಿರತ್ತಲ್ಲ. ಜೋರು ಶಬ್ದ ಪಕ್ಕದ ಪದರಕ್ಕೆ ಅಂಟತ್ತೆ. ಬಾಲ ಹೊರಗಿದ್ರೆ ಆ ನೆರಳು ಶಬ್ದ ಆದ್ಮೇಲೆ ಬರತ್ತೆ, ಗುಂಯ್ ಅನ್ನೋದ್ರಲ್ಲಿ ಮುಚ್ಚಿಹೋಗತ್ತೆ. ತಲೆ ಹೊರಗಿದ್ರೆ..." ಅವನು ಸ್ಪೀಕರಿನ ಕಡೆ ತಿರುಗಿದ.

"ತಲೆ ಹೊರಗಿದ್ರೆ ಶಬ್ದಕ್ಕೆ ಮುಂಚೆ ಬರತ್ತೆ. ಅಲ್ವಾ?"

ನನಗೆ ಅರ್ಥವಾಗಿಹೋಯಿತು. ಬಣ್ಣ ಆರುವ ಮೊದಲೇ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟರೆ ಆಗುವ ಗತಿಯೇ ಅದು. ನಾವು ಕೇಳಿದ್ದು ಅಪಶಕುನವೂ ಅಲ್ಲ, ದೆವ್ವವೂ ಅಲ್ಲ. ದೆವ್ವವಾಗಿದ್ದರೇ ವಾಸಿಯಿತ್ತು.

"ಅಷ್ಟು ಚೆನ್ನಾಗಿ ಅಂಟೋಕೆ ಎಷ್ಟು ಕಾಲ ಬೇಕು?"

"ನಿನ್ನೆ ಮೊನ್ನೆ ಅಲ್ಲ. ವಾರಗಟ್ಟಲೆ. ರೆಕಾರ್ಡ್ ಆದ ಸ್ವಲ್ಪ ದಿನದಲ್ಲೇ ಯಾರೋ ಕೇಳಿರಬೇಕು. ಹಬ್ಬಕ್ಕೆ ಮೊದಲೇ."

"ತೊಮೆ ಮಾತಾಡಿದ್ದು ಟೇಪಿನಲ್ಲಿದೆಯಾ?"

ಎಲ್ಲರೂ ಜಂದೀರಳ ಕಡೆ ನೋಡಿದೆವು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಇದೆ. ನಾವು ಯಂತ್ರ ನಿಲ್ಲಿಸ್ತಾ ಇರ್ಲಿಲ್ಲ. ನಗು, ಬೈಗುಳ, ಕುರ್ಚಿ ಎಳೆಯೋದು, ಎಲ್ಲ ರೆಕಾರ್ಡಿನಲ್ಲಿ ಬರ್ಲಿ ಅಂತ. ಅಳಿಸ್ತೀನಿ ಅಂತ ಕನಾಶಿರೊ ಎಷ್ಟು ಸಲ ಹೇಳ್ದ. ನಾನೇ ಬಿಡ್ಲಿಲ್ಲ. ಅವನನ್ನ ಹಿಡಕೊಂಡು ಹೋದ್ರೆ ನನಗೆ ಉಳಿಯೋದು ಅದೊಂದೇ ದನಿ ಅಂತ..." ಅವಳು ಬಿಕ್ಕಿದಳು. "ನಾನೇ ಅವನನ್ನ ಹಿಡಿದುಕೊಟ್ಟೆ ಡೋನ ಪೆರ್ಪೆತುವಾ!"

"ಇಲ್ಲ ಮಗಳೆ. ನೀನು ಹಿಡಿದುಕೊಟ್ಟಿಲ್ಲ. ಅಳಬೇಡ, ಹೊತ್ತಿಲ್ಲ."

ಮೇಷ್ಟ್ರು ಗಡಿಯಾರ ನೋಡಿಕೊಂಡರು. "ಹೊತ್ತಿಲ್ಲ ಅಂತ ನೀವೇ ಹೇಳ್ತೀರಿ, ಟೇಪಿನ ಪಾಠ ನಡೆಸ್ತೀರಿ. ಆ ಹುಡುಗ ಅಲ್ಲಿ ಕಾಯ್ತಿದಾನೆ. ನಾನು ಹೊರಡ್ಲಾ?"

"ಒಂದೇ ನಿಮಿಷ ಮೇಷ್ಟ್ರೇ. ನೀವು ಇದಕ್ಕೆ ಮೊದಲು ಎಲ್ಲಿದ್ರಿ? ಕೆಲಸ?"

"ರೇಡಿಯೋದಲ್ಲಿ. ನನ್ನ ವಾದ್ಯವೃಂದ ನೀವು ಕೇಳಿಲ್ವಾ?"

"ಕೇಳಿ ಕೇಳಿ ಕಿವಿ ತೂತಾಗಿದೆ. ನಾನೂ ರೇಡಿಯೋಗೆ ಅಪರಾಧ ಸುದ್ದಿ ಓದೋಕೆ ಹೋಗ್ತಿದ್ದೆ. ಅಲ್ಲಿ ಒಂದು ನಿಯಮ ಇತ್ತು, ನೆನಪಿದೆಯಾ? ಟೇಪು ಕೇಳಿದವನು ಅದನ್ನ ಮೊದಲಿಗೆ ಸುತ್ತಿ ಇಡಬೇಕು. ಮುಂದಿನವನು ಹಾಕಿದ ಕೂಡಲೇ ಹಾಡು ಬರಬೇಕು. ಸುತ್ತದೆ ಇಟ್ಟವನಿಗೆ ಎಲ್ಲರೆದುರು ಬೈಗುಳ. ಒಂದು ಸಲ ನನಗೂ ಆಗಿತ್ತು."

ಹೊರಗೆ ಒಂದು ಮೋಟಾರು ನಿಧಾನವಾಗಿ ಹಾದುಹೋಯಿತು. ಅದು ನಿಲ್ಲುತ್ತದೆಯೋ ಎಂದು ನಾನು ಕಿವಿಗೊಟ್ಟೆ. ನಿಲ್ಲಲಿಲ್ಲ.

"ಏನು ಹೇಳ್ತಿದೀರಿ ನೀವು?" ಎಂದ ದಗೊಬೆರ್ತು, ದನಿ ಏರಿಸಿ. "ಮೇಷ್ಟ್ರು ಆವತ್ತು ಇರಲೇ ಇಲ್ಲ! ಹಾಗೆ ನೋಡಿದ್ರೆ ನೀವೂ ಇರ್ಲಿಲ್ಲ!"

"ನಾನೂ ಇರ್ಲಿಲ್ಲ ನಿಜ. ಆದ್ರೆ ಹೂಕುಂಡ ಎಲ್ಲಿದೆ ಅಂತ್ಲೂ ನನಗೆ ಗೊತ್ತಿಲ್ಲ, ಈ ಯಂತ್ರದಲ್ಲಿ ಯಾವ ಗುಂಡಿ ಒತ್ತಬೇಕು ಅಂತ್ಲೂ ಗೊತ್ತಿಲ್ಲ." ಮುದುಕಿ ಡಬ್ಬಿ ಮುಚ್ಚಿ ಎದ್ದು ನಿಂತರು. ನಿಂತರೆ ಅವರು ಜಂದೀರಳ ಭುಜಕ್ಕೂ ಬರುತ್ತಿರಲಿಲ್ಲ. "ನೀವೆಲ್ಲ ತಪ್ಪು ಮಾಡಿದ್ದು ಇಲ್ಲೇ. ಮಾತು ಕೇಳಿಸ್ಕೊಂಡವರು ಯಾರು ಅಂತ ಲೆಕ್ಕ ಹಾಕಿದ್ರಿ. ಕೇಳಿಸ್ಕೊಂಡವರಿಗೆ ಟೇಪು ಯಾಕೆ ಬೇಕು? ಕಿವಿಯಾರೆ ಕೇಳಿದ್ದನ್ನ ನೇರವಾಗಿ ಹೋಗಿ ಹೇಳಬಹುದಿತ್ತು. ಕದ್ದು ಬೀರು ತೆಗೆದು ಟೇಪು ಹಾಕ್ಕೊಂಡು ಕೇಳಬೇಕಾಗಿದ್ದು ಆವತ್ತು ಇಲ್ಲದೆ ಇದ್ದವರಿಗೆ."

ಜಂದೀರ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಇನ್ನೇನು ತಮ್ಮನ ಜಾಗವನ್ನು ಯಾರ ಕಿವಿಯಲ್ಲಿ ಹೇಳಲು ಬಾಗಿದ್ದಳೋ, ಅವರಿಂದ ದೂರಕ್ಕೆ.

"ತೊಮೆ ಬಂದಿದ್ದ ಅಂತ ಅವರಿಗೆ ನಾನೇ ಹೇಳಿದ್ದು," ಎಂದಳು, ಯಾರಿಗೋ ಹೇಳುವಂತೆ. "ತಮ್ಮನ ಗಿಟಾರ್ ಟೇಪಿನಲ್ಲಿದೆ ಮೇಷ್ಟ್ರೇ ಅಂತ ಹೆಮ್ಮೆಯಿಂದ ಹೇಳ್ದೆ."

"ರೂಢಿ ಅನ್ನೋದು ಯಾರಲ್ಲಾದರೂ ಇರಬಹುದು!" ಮೇಷ್ಟ್ರ ದನಿ ಒಡೆಯಿತು. "ಬರೀ ಒಂದು ಟೇಪು ಸುತ್ತಿದ್ದಕ್ಕೆ ನನ್ನ ಮೇಲೆ..."

"ಬರೀ ಟೇಪಲ್ಲ. ಕ್ಲೆಲಿಯ, ಬೆಳಿಗ್ಗೆ ಹಾಡು ಕೇಳುವಾಗ ಮೇಷ್ಟ್ರು ಏನು ಮಾಡಿದ್ರು? ನೀನು ಅವರ ಎದುರಿಗೇ ಕೂತಿದ್ದೆ."

ನನಗೆ ಹೇಳಲು ಇಷ್ಟವಿರಲಿಲ್ಲ. ನಾನು ಮೊದಲ ಚಿತ್ರ ಮಾರಿದಾಗ ನನ್ನನ್ನು ಹೋಟೆಲಿಗೆ ಕರೆದೊಯ್ದು ಊಟ ಹಾಕಿಸಿದ ಮನುಷ್ಯ ಅವರು. ಆದರೆ ಮಧ್ಯಾಹ್ನ ಹತ್ತಿರವಾಗುತ್ತಿತ್ತು.

"ಹೆಡ್‌ಫೋನ್ ತೆಗೆದು ಕಿವಿ ಒತ್ತಿಕೊಂಡ್ರು," ಎಂದೆ.

"ಯಾವಾಗ? ಕೂಗು ಕೇಳಿದ ಮೇಲೋ, ಮುಂಚೆಯೋ?"

"ಮುಂಚೆ. ಆ ನೆರಳು ಕೂಗಿಗೂ ಮುಂಚೆ."

"ಜಂದೀರಾ, ಕೂಗಬೇಕು ಅಂತ ಮೊದಲೇ ನಿಶ್ಚಯ ಆಗಿತ್ತಾ?"

"ಇಲ್ಲ. ಆವತ್ತು ಇದ್ದಕ್ಕಿದ್ದ ಹಾಗೆ ಬಂತು. ತೊಮೆ ಮುಖ ನೋಡ್ತಾ ಹಾಡ್ತಿದ್ದೆ, ಹೆದರಿಕೆ ಆಯ್ತು, ಕಿರುಚಿದೆ. ಇವರಿಗೆ ಹೇಳಿರಲಿಲ್ಲ. ಮೊದಲ ಸಲ ಕೇಳ್ದಾಗ ಬೆಚ್ಚಿಬೀಳಲಿ ಅಂತ ಬೇಕಂತ್ಲೇ ಹೇಳಿರಲಿಲ್ಲ."

"ಇವತ್ತೇ ಮೊದಲು ಕೇಳ್ತಿರೋದು ಅಂದವರಿಗೆ ಕೂಗು ಬರೋ ಜಾಗ ಹೇಗೆ ಗೊತ್ತಿತ್ತು, ಲಿಯೋನ್ಸಿಯೊ?"

ಮೇಷ್ಟ್ರು ಎಂಬ ಗೌರವವನ್ನು ಅವರು ಬಿಟ್ಟುಬಿಟ್ಟಿದ್ದರು. ಅದೇ ತೀರ್ಪಿನ ಹಾಗೆ ಬಿತ್ತು.

ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಕೂತರು.

"ನನ್ನ ಮಗ ಫ್ಲಾವಿಯೊನ ಹಿಡಕೊಂಡು ಹೋಗಿದಾರೆ," ಎಂದರು. "ಮೇ ತಿಂಗಳಿಂದ. ಯಾರಿಗೂ ಹೇಳಬೇಡ ಅಂದ್ರು. ಪರೀಕ್ಷೆಗೆ ಓದ್ತಿದಾನೆ ಅಂತ ನಿಮಗೆಲ್ಲ ಹೇಳ್ತಾ ಬಂದೆ. ಒಂದು ದಿನ ಫೋನ್ ಮಾಡಿ... ಅವನ ಕೂಗು ಕೇಳಿಸಿದ್ರು. ತೊಮೆ ಎಲ್ಲಿ ಅಂತ ಹೇಳು, ಬಿಡ್ತೀವಿ ಅಂದ್ರು." ಅವರು ಜಂದೀರಳ ಕಡೆ ತಲೆಯೆತ್ತಿದರು. "ನಿನ್ನ ಆ ಕೂಗು ನನಗೆ ಕೇಳೋಕಾಗಲ್ಲ ಮಗಳೆ. ಅದಕ್ಕೇ ಹೆಡ್‌ಫೋನ್ ತೆಗೆದೆ."

ದಗೊಬೆರ್ತು ಬಿಗಿದಿದ್ದ ಮುಷ್ಟಿಯನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ನನಗೆ ಅವರ ಮೇಲೆ ಅಸಹ್ಯವಾಯಿತು, ಅಯ್ಯೋ ಎನ್ನಿಸಿತು, ನಾಳೆ ನನ್ನ ಮನೆಗೆ ಅಂಥ ಫೋನು ಬಂದರೆ ಏನು ಮಾಡುತ್ತೇನೆ ಎಂದು ಭಯವಾಯಿತು. ಮೂರೂ ಒಟ್ಟಿಗೆ.

"ಬಿಟ್ರಾ?" ಎಂದಳು ಜಂದೀರ. "ಫ್ಲಾವಿಯೊನ ಬಿಟ್ರಾ?"

"ತೊಮೆ ಕೈಗೆ ಸಿಗ್ಲಿಲ್ಲವಲ್ಲ. ಇವತ್ತು ಇನ್ನೊಂದು ಅವಕಾಶ ಅಂದಿದಾರೆ." ಅವರು ಅವಳ ಕೈ ಹಿಡಿಯಲು ಹೋಗಿ ಹಿಡಿಯಲಿಲ್ಲ. "ನಿಜ ಹೇಳಬೇಡ. ಕೇಳೋ ಮುಖ ನನಗಿಲ್ಲ. ಒಂದು ಸುಳ್ಳನ್ನಾದ್ರೂ ಹೇಳು ತಾಯಿ. ಆ ಮೂಲೇಲಿ ನಿಂತವನಿಗೆ ನಾನು ಏನಾದ್ರೂ ಹೇಳಲೇಬೇಕು."

ಜಂದೀರ ಕಣ್ಣೊರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಲೂಜ್ ರೈಲು ನಿಲ್ದಾಣ. ದೊಡ್ಡ ಗಡಿಯಾರದ ಕೆಳಗೆ. ಸಾಯಂಕಾಲದ ತನಕ ಕಾಯ್ತಾನೆ ಅಂತ ಹೇಳಿ."

ಮೇಷ್ಟ್ರು ತಲೆಯಾಡಿಸಿದರು. ಕೋಟಿನ ಗುಂಡಿ ಹಾಕಿಕೊಂಡು, ಟೋಪಿ ಸರಿಮಾಡಿಕೊಂಡು ಹೊರಗೆ ಹೋದರು. ಈಗ ನಾನು ಧೈರ್ಯ ಮಾಡಿ ಪರದೆಯ ಸಂದಿಯಿಂದ ನೋಡಿದೆ. ಅವರು ಪೇಪರ್ ಓದುವವನ ಪಕ್ಕದಲ್ಲಿ ಒಂದು ಕ್ಷಣ ನಿಂತು ಮುಂದೆ ನಡೆದು, ಕಾರು ಹತ್ತಿ ನಿಲ್ದಾಣದ ಕಡೆಗೆ ತಿರುಗಿಸಿದರು. ಆ ಮನುಷ್ಯ ಪೇಪರನ್ನು ಮಡಿಸಿ, ಓಡಿದ.

"ಈಗ ಹೇಳು," ಎಂದರು ಡೋನ ಪೆರ್ಪೆತುವಾ. ಜಂದೀರ ಕನಾಶಿರೊನ ಕಿವಿಯಲ್ಲಿ ಹೇಳಿದಳು. ಅವನು ಹಿಂಬಾಗಿಲಿನಿಂದ ಹೋದ.

ಕಾಯುವುದು ಎಂದರೆ ಏನೆಂದು ಆ ದಿನ ತಿಳಿಯಿತು. ಸಾಯಂಕಾಲ ಕನಾಶಿರೊ ಬಂದಾಗ ಅವನ ಅಂಗಿಗೆ ಎಲೆಕೋಸಿನ ವಾಸನೆಯಿತ್ತು. "ಅಪ್ಪ ಗಡಿ ಕಡೆ ಲಾರಿ ಓಡಿಸ್ತಿದಾನೆ," ಎಂದ. "ನಾನು ಊರ ಹೊರಗೆ ಇಳ್ಕೊಂಡೆ. ನಿನ್ನ ತಮ್ಮ ಮೂಟೆಗಳ ಕೆಳಗೆ ಮಲಗಿದಾನೆ. ಗೊರಕೆ ಹೊಡೀತಿದಾನೆ."

ಜಂದೀರ ನಕ್ಕಳೋ ಅತ್ತಳೋ ಹೇಳಲಾರೆ.

ಆಮೇಲೆ ಅವಳು ಟೇಪನ್ನು ಹಿಂದಕ್ಕೆ ಸುತ್ತಲು ಹೇಳಿದಳು. ಅದು ಸುತ್ತುವಾಗ ನಾನು ರೂಢಿಯಂತೆ ಕಾಫಿ ಬಗ್ಗಿಸಿದೆ. ಲೋಟ ಇಟ್ಟ ಮೇಲೆ ನೋಡಿದರೆ ಒಂದು ಹೆಚ್ಚಾಗಿತ್ತು, ಮೇಷ್ಟ್ರದು. ಅದನ್ನು ಯಾರೂ ಮುಟ್ಟಲಿಲ್ಲ. ಹಾಡು ನಡೆಯಿತು, ನೆರಳು ಕೂಗು ಬಂತು, ನಿಜದ ಕೂಗು ಬಂತು, ಗಿಟಾರು ನಿಂತಿತು. ತೊಮೆಯ ದನಿ ಬರುವುದಕ್ಕೆ ಮೊದಲು ಜಂದೀರ ತಾನೇ ಬೆರಳಿಟ್ಟು ಅಳಿಸುವ ಗುಂಡಿಯನ್ನು ಒತ್ತಿ ಹಿಡಿದಳು. ತಮ್ಮನ ಮಾತೆಲ್ಲ ಮುಗಿಯುವಷ್ಟು ಹೊತ್ತು ಬಿಡಲಿಲ್ಲ.

"ಆ ಮೊದಲಿನ ಕೂಗನ್ನೂ ಕತ್ತರಿಸಿ ತೆಗೀತೀನಿ," ಎಂದ ಕನಾಶಿರೊ, ಬ್ಲೇಡು ಹುಡುಕುತ್ತ. "ರೆಕಾರ್ಡಿನಲ್ಲಿ ಚೆನ್ನಾಗಿರಲ್ಲ."

"ಬೇಡ," ಎಂದಳು ಜಂದೀರ. "ಅದು ಫ್ಲಾವಿಯೊನದು ಅಂದ್ಕೋ. ಇರ್ಲಿ."